ಅಮ್ಮನ ಮಂಡಿ, ಮೀನಿನ ಸಾರು, ಬಿಸಿನೀರು: ಜಪಾನಿನಲ್ಲಿ ರ್ಯೋಕಾನ್ ಆರಿಸುವ ಮುನ್ನ

ಪ್ರಶ್ನೆ: ದೀಪಾವಳಿ ಮುಗಿಸಿಕೊಂಡು ನವೆಂಬರ್ ಮೂರನೇ ವಾರ ಜಪಾನಿಗೆ ಹೊರಟಿದ್ದೇವೆ. ನಾನು, ಹೆಂಡತಿ, ಎಂಟು ವರ್ಷದ ಮಗ, 67 ವರ್ಷದ ಅಮ್ಮ. ಟೋಕಿಯೊದಲ್ಲಿ ನಾಲ್ಕು ದಿನ, ಕ್ಯೋಟೊದಲ್ಲಿ ನಾಲ್ಕು ದಿನ, ನಡುವೆ ಒಂದು ರಾತ್ರಿ ರ್ಯೋಕಾನ್‌ನಲ್ಲಿ, ಅಂದರೆ ಅಲ್ಲಿನ ಸಾಂಪ್ರದಾಯಿಕ ವಸತಿಗೃಹದಲ್ಲಿ, ತಂಗಿ ಬಿಸಿನೀರಿನ ಬುಗ್ಗೆಯಲ್ಲಿ ಸ್ನಾನ ಮಾಡುವ ಆಸೆ. ನಾವು ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಅಮ್ಮ ಈರುಳ್ಳಿ, ಬೆಳ್ಳುಳ್ಳಿಯನ್ನೂ ಮುಟ್ಟುವುದಿಲ್ಲ. ಅವರಿಗೆ ಮಂಡಿನೋವಿದೆ, ಬಿಪಿಗೆ ಮಾತ್ರೆ ತೆಗೆದುಕೊಳ್ಳುತ್ತಾರೆ. 22,000 ಯೆನ್‌ನ ಒಂದು ರ್ಯೋಕಾನ್ ನೋಡಿಟ್ಟಿದ್ದೇವೆ, ಫೋಟೊ ತುಂಬ ಚೆನ್ನಾಗಿದೆ. ಎಲ್ಲರೆದುರು ಬಟ್ಟೆಯಿಲ್ಲದೆ ಸ್ನಾನ ಮಾಡಬೇಕಂತೆ, ನಿಜವೇ? ನಮ್ಮಂಥವರಿಗೆ ಯಾವ ಊರು, ಎಂಥ ರ್ಯೋಕಾನ್ ಸರಿ?

ಉತ್ತರ: ಮೊದಲು ಆ 22,000 ಯೆನ್ ಲೆಕ್ಕ ಮುಗಿಸಿಬಿಡೋಣ. ನಿಮ್ಮ ಪ್ರಶ್ನೆಯ ಧಾಟಿ ನೋಡಿದರೆ ಅದು ಕೋಣೆಯ ಬಾಡಿಗೆ ಎಂದುಕೊಂಡಿದ್ದೀರಿ ಅನಿಸುತ್ತದೆ. ರ್ಯೋಕಾನ್‌ನವರು ಸಾಮಾನ್ಯವಾಗಿ ಕೋಣೆಗೆ ದರ ಹೇಳುವುದಿಲ್ಲ, ತಲೆಗೆ ಹೇಳುತ್ತಾರೆ. ‘ಇಪ್ಪಾಕು ನಿಶೋಕು’ ಎಂದು ಬರೆದಿದ್ದರೆ ಒಂದು ರಾತ್ರಿ, ಎರಡು ಊಟ ಎಂದರ್ಥ. ರಾತ್ರಿಯ ಊಟ, ಬೆಳಗಿನ ಊಟ, ಹಾಸಿಗೆ, ಸ್ನಾನ ಎಲ್ಲ ಸೇರಿ ಒಬ್ಬರಿಗೆ ಅಷ್ಟು. ನಿಮ್ಮಲ್ಲಿ ಮೂವರು ದೊಡ್ಡವರಿಗೆ 66,000 ಆಯಿತು. ಮಕ್ಕಳಿಗೆ ಕೊಡುವ ಊಟ ಮತ್ತು ಹಾಸಿಗೆ ನೋಡಿಕೊಂಡು ದೊಡ್ಡವರ ದರದ ಶೇ 70, 50 ಅಥವಾ 30 ಹಾಕುವುದು ರೂಢಿ. ಮಗನಿಗೆ ಶೇ 70 ಎಂದರೆ 15,400. ಜೊತೆಗೆ ಸ್ನಾನದ ತೆರಿಗೆ ಅಂತ ಒಂದಿದೆ, ಬಹಳ ಕಡೆ ತಲೆಗೆ 150 ಯೆನ್. ಚಿಕ್ಕ ಮಕ್ಕಳಿಗೆ ಸಾಮಾನ್ಯವಾಗಿ ವಿನಾಯಿತಿ. ಅಲ್ಲಿಗೆ ಒಂದು ರಾತ್ರಿಗೆ ಸುಮಾರು 82,000 ಯೆನ್. ಯೆನ್ನಿಗೆ ಅರವತ್ತು ಪೈಸೆ ಎಂದಿಟ್ಟುಕೊಂಡರೂ ಐವತ್ತು ಸಾವಿರ ರೂಪಾಯಿಯ ಹತ್ತಿರ. ಅಷ್ಟು ದುಡ್ಡಿನಲ್ಲಿ ದೊಡ್ಡ ಪಾಲು ರಾತ್ರಿಯ ಊಟದ್ದು. ಆ ಊಟವೇ ನಿಮಗೆ ಒಗ್ಗುವುದಿಲ್ಲ.

ಹಾಗಾಗಿ ಊರು, ಫೋಟೊ, ತೋಟ, ಹಿಮ ಎಲ್ಲ ಆಮೇಲೆ. ನಿಮ್ಮ ಮನೆಯವರಿಗೆ ರ್ಯೋಕಾನ್ ಆರಿಸುವುದು ಅಡುಗೆಮನೆಯಿಂದ ಶುರುವಾಗಬೇಕು.

ರ್ಯೋಕಾನ್‌ನ ರಾತ್ರಿಯೂಟಕ್ಕೆ ಕೈಸೆಕಿ ಎನ್ನುತ್ತಾರೆ. ಎಂಟು, ಹತ್ತು ಪುಟ್ಟ ಪುಟ್ಟ ಬಟ್ಟಲು, ಒಂದರ ಹಿಂದೆ ಒಂದು: ಹಸಿ ಮೀನು, ಸುಟ್ಟದ್ದು, ಬೇಯಿಸಿದ್ದು, ಹಬೆಯದ್ದು, ಕರಿದದ್ದು, ಕೊನೆಗೆ ಅನ್ನ, ಮಿಸೊ (ಹುದುಗಿಸಿದ ಸೋಯಾ ಮುದ್ದೆ) ಸಾರು, ಉಪ್ಪಿನಕಾಯಿ. ಕಣ್ಣಿಗೆ ಕಾಣುವ ಮೀನನ್ನು ತೆಗೆದಿಡಬಹುದು. ಕಾಣದ ಮೀನೇ ತೊಂದರೆ. ನಮ್ಮಲ್ಲಿ ಒಗ್ಗರಣೆಯಿಲ್ಲದೆ ಸಾರು ಹೇಗೆ ಆಗುವುದಿಲ್ಲವೋ ಅಲ್ಲಿ ದಾಶಿಯಿಲ್ಲದೆ ಏನೂ ಆಗುವುದಿಲ್ಲ. ದಾಶಿ ಎಂದರೆ ರುಚಿಗಟ್ಟು ನೀರು. ಕೊಂಬು ಎಂಬ ಸಮುದ್ರದ ಪಾಚಿಯನ್ನೂ, ಬೇಯಿಸಿ ಹೊಗೆ ಹಿಡಿಸಿ ಮರದ ತುಂಡಿನಂತೆ ಗಟ್ಟಿಯಾಗಿಸಿದ ಕತ್ಸುವೊ ಮೀನಿನ ತೆಳು ಹೆರೆತವನ್ನೂ ಬಿಸಿನೀರಲ್ಲಿ ಬಿಟ್ಟು ಸೋಸಿದ್ದು. ಮಿಸೊ ಸಾರಿನಲ್ಲಿ ಅದೇ, ಬೇಯಿಸಿದ ಮೂಲಂಗಿಯಲ್ಲಿ ಅದೇ, ತೆಂಪುರಾ, ಅಂದರೆ ಅಲ್ಲಿನ ಬಜ್ಜಿ, ಅದ್ದಿಕೊಳ್ಳುವ ರಸದಲ್ಲೂ ಅದೇ. ಅಡುಗೆಯವರ ಲೆಕ್ಕದಲ್ಲಿ ಅದು ಮೀನಲ್ಲ, ರುಚಿ.

ನಾನು ಇದನ್ನು ಕಲಿತದ್ದು ನನ್ನ ಅಮ್ಮ ಮೊದಲ ಸಲ ಜಪಾನಿಗೆ ಬಂದಾಗ. ಒಂದು ರ್ಯೋಕಾನ್‌ಗೆ ಫೋನು ಮಾಡಿ ಸಸ್ಯಾಹಾರ ಆಗುತ್ತದೆಯೇ ಎಂದು ಕೇಳಿದ್ದೆ. ಆಗುತ್ತದೆ ಎಂದರು. ಸಂಜೆ ಬದನೆಕಾಯಿ ಬಂತು, ಬಾಯಲ್ಲಿ ನೀರೂರುವಂತೆ ಸುಟ್ಟದ್ದು. ಅದರ ಮೇಲೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಕಂದು ಚೂರುಗಳು ಬಿಸಿಗೆ ಮೆಲ್ಲಗೆ ಅಲುಗಾಡುತ್ತಿದ್ದವು. ಅಮ್ಮ ಬಟ್ಟಲನ್ನು ತುಸು ಹಿಂದಕ್ಕೆ ತಳ್ಳಿ, ‘ಇದಕ್ಕೆ ಜೀವ ಇದೆಯೇನೋ?’ ಅಂದರು. ಬಡಿಸುವಾಕೆಗೆ ಅಮ್ಮನ ಮುಖ ಅರ್ಥವಾಯಿತು, ಕಾರಣ ಅರ್ಥವಾಗಲಿಲ್ಲ. ಬದನೆಕಾಯಿ ತರಕಾರಿ ತಾನೇ? ಆ ರಾತ್ರಿ ಅಮ್ಮ ಬಿಳಿ ಅನ್ನಕ್ಕೆ ಉಪ್ಪಿನಕಾಯಿ ಕಲಸಿಕೊಂಡು ಉಂಡರು. ತಪ್ಪು ಅವರದಲ್ಲ, ನಾನು ಕೇಳಿದ ಪ್ರಶ್ನೆಯದು. ‘ಸಸ್ಯಾಹಾರ’ ಎಂಬ ಒಂದೇ ಪದ ಅಲ್ಲಿ ಸಾಲದು. ಏನೇನು ಬೇಡ ಎಂದು ಒಂದೊಂದಾಗಿ ಹೇಳಬೇಕು. ಅದನ್ನೂ ಬಾಗಿಲಲ್ಲಿ ನಿಂತು ಹೇಳಿದರೆ ಪ್ರಯೋಜನವಿಲ್ಲ, ಕಾಯ್ದಿರಿಸುವ ಮೊದಲೇ ಹೇಳಬೇಕು. ಕೈಸೆಕಿಯ ತಯಾರಿ ಹಿಂದಿನ ದಿನವೇ ಶುರುವಾಗಿರುತ್ತದೆ. ಸಂಜೆ ಐದಕ್ಕೆ ಬಂದು ‘ಮೀನು ಬೇಡ’ ಎಂದರೆ ಅವರಿಗೆ ಸಂಕಟ, ನಿಮಗೆ ಉಪವಾಸ.

ನಿಮ್ಮ ಮುಂದೆ ಮೂರು ದಾರಿಗಳಿವೆ. ಒಂದು, ಕೊಂಬು ಮತ್ತು ಶಿಟಾಕೆ ಅಣಬೆಯ ದಾಶಿಯಲ್ಲೇ ಅಡುಗೆ ಮಾಡಿಕೊಡಲು ಒಪ್ಪುವ ರ್ಯೋಕಾನ್ ಹುಡುಕುವುದು. ವಿದೇಶಿಯರು ಹೆಚ್ಚು ಬರುವ ಊರುಗಳಲ್ಲಿ ಇಂಥವು ಸಿಗುತ್ತವೆ, ಆದರೆ ಎಲ್ಲ ಕಡೆ ಅಲ್ಲ. ಎರಡು, ರಾತ್ರಿಯೂಟವನ್ನೇ ಬಿಡುವುದು. ಬರೀ ತಂಗುವುದಕ್ಕೆ ‘ಸುದೊಮಾರಿ’ ಎನ್ನುತ್ತಾರೆ. ತಲೆಗೆ ಸಾವಿರಾರು ಯೆನ್ ಇಳಿಯುತ್ತದೆ, ಕೋಣೆ, ಸ್ನಾನ ಎಲ್ಲ ಅದೇ. ಬೆಳಗಿನ ಊಟ ಮಾತ್ರ ಸೇರಿಸಿಕೊಳ್ಳುವ ದರವೂ ಇರುತ್ತದೆ, ಆದರೆ ಅದರಲ್ಲೂ ಸುಟ್ಟ ಮೀನು, ಮೊಟ್ಟೆ, ಮಿಸೊ ಸಾರೇ ಮುಖ್ಯ. ನಿಮಗೆ ಉಳಿಯುವುದು ಅನ್ನ, ನೋರಿ ಎಂಬ ಪಾಚಿಯ ಹಾಳೆ, ಉಪ್ಪಿನಕಾಯಿ, ನಾಟೊ. ನಾಟೊ ಎಂದರೆ ಹುಳಿಬರಿಸಿದ ಸೋಯಾಕಾಳು. ಅದರ ನೂಲುನೂಲು ಅಂಟು ನೋಡಿದ ಕನ್ನಡಿಗರಲ್ಲಿ ನೂರಕ್ಕೆ ತೊಂಬತ್ತು ಮಂದಿ ಎದ್ದು ಹೋಗುವುದನ್ನು ಕಂಡಿದ್ದೇನೆ, ಹಾಗಾಗಿ ಅದನ್ನು ನೆಚ್ಚಿಕೊಳ್ಳಬೇಡಿ. ಪ್ಯಾಕೆಟ್ಟಿನಲ್ಲಿ ಬರುವ ಅದರ ಸಾಸಿನಲ್ಲೂ ದಾಶಿ ಇರುವುದುಂಟು.

ಮೂರನೆಯ ದಾರಿ ನಿಮ್ಮ ಅಮ್ಮನಿಗೆಂದೇ ಇದ್ದಂತಿದೆ. ಅದು ಶುಕುಬೊ, ಅಂದರೆ ಬೌದ್ಧ ದೇವಾಲಯದ ವಸತಿ. ಅಲ್ಲಿ ಕೊಡುವುದು ಶೋಜಿನ್ ರ್ಯೋರಿ, ಭಿಕ್ಷುಗಳ ಊಟ: ಮಾಂಸವಿಲ್ಲ, ಮೀನಿಲ್ಲ, ಮೊಟ್ಟೆಯಿಲ್ಲ, ಸಂಪ್ರದಾಯದ ಪ್ರಕಾರ ಈರುಳ್ಳಿ, ಬೆಳ್ಳುಳ್ಳಿಯ ಜಾತಿಯ ಘಾಟಿನ ಪದಾರ್ಥವೂ ಇಲ್ಲ. ದಾಶಿ ಕೊಂಬು ಮತ್ತು ಅಣಬೆಯದು. ಎಳ್ಳಿನಿಂದ ಮಾಡಿದ ಮೆತ್ತನೆಯ ಗೋಮಾದೋಫು, ಸೋಯಾ ಹಾಲಿನ ಕೆನೆ ಯುಬಾ, ಒಣಗಿಸಿದ ತೋಫು ಕೋಯಾದೋಫು, ತರಕಾರಿ ತೆಂಪುರಾ. ನಮ್ಮ ಮಡಿ ಅಡುಗೆಯನ್ನು ಅಷ್ಟು ದೂರದ ಊರಲ್ಲಿ ಬೇರೆ ಕಾರಣಕ್ಕೆ ಬೇರೆಯವರು ಕಂಡುಕೊಂಡಿದ್ದಾರೆ. ಇದಕ್ಕೆ ಹೆಸರಾದದ್ದು ಕೋಯಾಸಾನ್. 816ರಲ್ಲಿ ಕೂಕಾಯಿ ಎಂಬ ಭಿಕ್ಷು ಶಿಂಗೊನ್ ಎಂಬ ಬೌದ್ಧ ಪಂಥಕ್ಕಾಗಿ ನೆಲೆಮಾಡಿದ ಬೆಟ್ಟ. ಅಲ್ಲಿನ ಐವತ್ತರಷ್ಟು ದೇವಾಲಯಗಳಲ್ಲಿ ಯಾತ್ರಿಕರಿಗೆ ವಸತಿ ಇದೆ. ಒಸಾಕಾದ ನಂಬಾದಿಂದ ನಂಕಾಯ್ ರೈಲು, ತುದಿಯಲ್ಲಿ ಕೇಬಲ್ ಕಾರು, ಮೇಲೆ ಬಸ್ಸು. ಆದರೆ ಎರಡು ಮಾತು. ಸುಮಾರು 800 ಮೀಟರ್ ಎತ್ತರದ ಜಾಗ, ನವೆಂಬರ್ ಕೊನೆಯ ರಾತ್ರಿ ಮೂಳೆಗಿಳಿಯುವ ಚಳಿ. ಹಳೇ ಕಟ್ಟಡ, ನೆಲದ ಮೇಲೆ ಹಾಸಿಗೆ, ಬೆಳಗ್ಗೆ ಆರರ ಸುಮಾರಿಗೆ ಪ್ರಾರ್ಥನೆ. ಇನ್ನೊಂದು, ಅಲ್ಲಿ ಸ್ನಾನಕ್ಕೆ ಬಿಸಿನೀರಿನ ತೊಟ್ಟಿ ಇರುತ್ತದೆ, ಆದರೆ ಬಹುಪಾಲು ಅದು ಬುಗ್ಗೆಯ ನೀರಲ್ಲ, ಕಾಯಿಸಿದ್ದು. ನಿಮಗೆ ಬುಗ್ಗೆಯೇ ಬೇಕು ಎಂದಾದರೆ ಕೋಯಾಸಾನ್ ಅನ್ನು ಇನ್ನೊಂದು ಪ್ರವಾಸಕ್ಕೆ ಇಟ್ಟುಕೊಳ್ಳಿ. ಕ್ಯೋಟೊದಲ್ಲಿದ್ದಾಗ ಆರಾಶಿಯಾಮಾದ ತೆನ್‌ರ್ಯೂಜಿ ದೇವಾಲಯದ ಆವರಣದಲ್ಲಿರುವ ಶಿಗೆತ್ಸು ಊಟದ ಮನೆಯಲ್ಲಿ ಮಧ್ಯಾಹ್ನ ಶೋಜಿನ್ ಊಟ ಮಾಡಿಸಿ, ಅಮ್ಮನಿಗೆ ಅದು ಸಿಕ್ಕಂತಾಯಿತು.

ಇನ್ನು ಬಟ್ಟೆಯ ವಿಚಾರ. ನಿಜ, ಬಿಚ್ಚಬೇಕು. ಸಾಮೂಹಿಕ ತೊಟ್ಟಿಯಲ್ಲಿ ಈಜುಡುಗೆಗೂ ಅವಕಾಶವಿಲ್ಲ. ಗಂಡಸರು, ಹೆಂಗಸರಿಗೆ ಬೇರೆಬೇರೆ ಜಾಗ, ಬಾಗಿಲಲ್ಲಿ ತೂಗುವ ಬಟ್ಟೆಯ ಪರದೆಯ ಬಣ್ಣ ಸಾಮಾನ್ಯವಾಗಿ ಗಂಡಸರಿಗೆ ನೀಲಿ, ಹೆಂಗಸರಿಗೆ ಕೆಂಪು. ಹುಷಾರು: ಬಹಳ ರ್ಯೋಕಾನ್‌ಗಳಲ್ಲಿ ರಾತ್ರೋರಾತ್ರಿ ಪರದೆ ಅದಲುಬದಲು ಮಾಡುತ್ತಾರೆ, ಎಲ್ಲ ಅತಿಥಿಗಳಿಗೂ ಎರಡೂ ತೊಟ್ಟಿ ಸಿಗಲಿ ಎಂದು. ನಿನ್ನೆ ಹೋದ ಬಾಗಿಲಿಗೇ ನಿದ್ದೆಗಣ್ಣಲ್ಲಿ ನಡೆದರೆ ಮುಜುಗರ ಖಂಡಿತ.

ಒಳಗೆ ಬಟ್ಟೆ ಇಡಲು ಬುಟ್ಟಿ. ಕೈಯಲ್ಲಿ ಒಂದು ಚಿಕ್ಕ ಟವೆಲ್ ಇರುತ್ತದೆ, ನಡೆಯುವಾಗ ಮುಂದೆ ಅಡ್ಡ ಹಿಡಿದುಕೊಳ್ಳಲು ಅಷ್ಟು ಸಾಕು. ನಲ್ಲಿಗಳ ಸಾಲಿನ ಮುಂದೆ ಮೊಣಕಾಲೆತ್ತರಕ್ಕಿಂತ ತಗ್ಗಿನ ಪುಟ್ಟ ಮಣೆ. ಅದರ ಮೇಲೆ ಕೂತು ಸೋಪು ಹಚ್ಚಿ ಮೈ ತೊಳೆದು, ನೊರೆ ಒಂದಿಷ್ಟೂ ಉಳಿಯದಂತೆ ನೀರು ಹುಯ್ದುಕೊಂಡು, ಮಣೆಯನ್ನೂ ತೊಳೆದಿಟ್ಟು ಆಮೇಲೆ ತೊಟ್ಟಿಗೆ ಇಳಿಯಬೇಕು. ತೊಟ್ಟಿ ಕೊಳೆ ತೊಳೆಯುವ ಜಾಗವಲ್ಲ, ನೆನೆಯುವ ಜಾಗ. ಹಂಡೆಯಿಂದ ಮೊಗೆದು ಮೊಗೆದು ಹುಯ್ದುಕೊಂಡು ಬೆಳೆದ ನಮಗೆ ಮೊದಲ ಭಾಗ ತಾನಾಗಿ ಬರುತ್ತದೆ. ಟವೆಲನ್ನು ನೀರಿಗೆ ಅದ್ದುವಂತಿಲ್ಲ, ಮಡಚಿ ತಲೆಯ ಮೇಲಿಟ್ಟುಕೊಳ್ಳುತ್ತಾರೆ. ಉದ್ದ ಕೂದಲು ಮೇಲಕ್ಕೆ ಕಟ್ಟಿಕೊಳ್ಳಬೇಕು. ಅಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ, ಐದು ನಿಮಿಷದಲ್ಲಿ ನಾಚಿಕೆ ಹೋಗುತ್ತದೆ ಎಂದು ನನ್ನ ಅನುಭವ. ಆದರೆ ಅತ್ತೆ, ಸೊಸೆ ಒಂದೇ ತೊಟ್ಟಿಯಲ್ಲಿ ಕೂರಬೇಕು ಎಂದರೆ ನನ್ನ ಅನುಭವಕ್ಕೆ ಬೆಲೆಯಿಲ್ಲ. ಅದು ಅವರಿಬ್ಬರೇ ತೀರ್ಮಾನಿಸುವ ವಿಷಯ. ಮಗನಿಗೆ ಎಂಟು ವರ್ಷ, ಅವನು ನಿಮ್ಮ ಜೊತೆ ಗಂಡಸರ ಕಡೆಗೇ ಬರಬೇಕು. ಮೊದಲು ಹತ್ತು ವರ್ಷದವರೆಗೆ ತಾಯಿಯ ಜೊತೆ ಬಿಡುತ್ತಿದ್ದರು. 2020ರಲ್ಲಿ ಸರ್ಕಾರದ ಮಾರ್ಗಸೂಚಿ ಬದಲಾಗಿ ಆ ವಯಸ್ಸು ಏಳಕ್ಕೆ ಇಳಿದಿದೆ.

ಸಾಮೂಹಿಕ ಸ್ನಾನ ಬೇಡ ಎನ್ನುವವರಿಗೂ ವ್ಯವಸ್ಥೆ ಇದೆ. ‘ಕಾಶಿಕಿರಿ’ ಎಂದರೆ ನಿಮ್ಮ ಮನೆಯವರಿಗೇ ಎಂದು ಮುಕ್ಕಾಲು ಗಂಟೆ, ಒಂದು ಗಂಟೆ ಬಿಟ್ಟುಕೊಡುವ ಚಿಕ್ಕ ತೊಟ್ಟಿಮನೆ. ಒಳಗಿಂದ ಚಿಲಕ ಹಾಕಿಕೊಳ್ಳಬಹುದು. ಕೆಲವು ಕಡೆ ಪುಕ್ಕಟೆ, ಕೆಲವು ಕಡೆ ಕೆಲವು ಸಾವಿರ ಯೆನ್. ನಿಮ್ಮ ಅಮ್ಮ ಮತ್ತು ಹೆಂಡತಿ ಒಬ್ಬರಾದ ಮೇಲೆ ಒಬ್ಬರು ಹೋಗಬಹುದು. ಅಮ್ಮನಿಗೆ ಆಸರೆ ಬೇಕಾದರೆ ಸೊಸೆ ಬಟ್ಟೆಯಲ್ಲೇ ದಂಡೆಯ ಮೇಲೆ ಕೂತಿರಬಹುದು. ಇನ್ನೊಂದು, ಕೋಣೆಗೇ ಸೇರಿದ ತೆರೆದ ತೊಟ್ಟಿ. ಇದು ದುಬಾರಿ, ಮತ್ತು ಇಲ್ಲೊಂದು ಮೋಸವಲ್ಲದ ಮೋಸವಿದೆ. ಕೋಣೆಯ ತೊಟ್ಟಿಗೆ ಬರುವುದು ಬುಗ್ಗೆಯ ನೀರೇ ಆಗಬೇಕೆಂದಿಲ್ಲ. ಫೋಟೊದಲ್ಲಿ ಮರದ ತೊಟ್ಟಿ, ಹಬೆ, ಹಿಂದೆ ಕೆಂಪು ಮೇಪಲ್ ಎಲ್ಲ ಇರುತ್ತದೆ, ನೀರು ಮಾತ್ರ ನಲ್ಲಿಯದು. ‘ಕೋಣೆಯ ತೊಟ್ಟಿಯ ನೀರು ಒನ್ಸೆನ್ ನೀರೇ?’ ಎಂದು ನೇರ ಕೇಳಿ (ಒನ್ಸೆನ್ ಎಂದರೆ ಬಿಸಿನೀರಿನ ಬುಗ್ಗೆ), ನೇರ ಉತ್ತರ ಕೊಡುತ್ತಾರೆ.

ನೀರಿನ ವಿಷಯಕ್ಕೆ ಬಂದರೆ ನನಗೆ ಮಾತು ಮುಗಿಯುವುದಿಲ್ಲ. ಜಪಾನಿನ 1948ರ ಒನ್ಸೆನ್ ಕಾಯಿದೆಯ ಪ್ರಕಾರ ನೆಲದಿಂದ ಬರುವಾಗ 25 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು ಬಿಸಿಯಿದ್ದರೆ ಸಾಕು, ಅದು ಒನ್ಸೆನ್. ಅಷ್ಟು ಬಿಸಿಯಿಲ್ಲದಿದ್ದರೂ ಪಟ್ಟಿಯಲ್ಲಿರುವ 19 ಅಂಶಗಳಲ್ಲಿ ಒಂದಾದರೂ ನಿಗದಿತ ಪ್ರಮಾಣದಲ್ಲಿದ್ದರೆ ಅದೂ ಒನ್ಸೆನ್. ಬೇಸಿಗೆಯಲ್ಲಿ ರಾಯಚೂರಿನ ಓವರ್‌ಹೆಡ್ ಟ್ಯಾಂಕಿನ ನೀರು 25 ಡಿಗ್ರಿ ದಾಟಿರುತ್ತದೆ! ಹಾಗಾಗಿ ‘ಒನ್ಸೆನ್’ ಎಂಬ ಫಲಕವೊಂದೇ ಏನನ್ನೂ ಹೇಳುವುದಿಲ್ಲ. ಬೆಚ್ಚಗಿನ ನೀರನ್ನು ಕಾಯಿಸಿರಬಹುದು, ತಣ್ಣೀರು ಬೆರೆಸಿರಬಹುದು, ಸೋಸಿ ಕ್ಲೋರಿನ್ ಹಾಕಿ ಅದನ್ನೇ ಮತ್ತೆ ಮತ್ತೆ ಸುತ್ತಿಸಿರಬಹುದು. 2004ರಲ್ಲಿ ನಾಗಾನೊದ ಶಿರಾಹೊನೆ ಎಂಬ ಹೆಸರಾಂತ ಬುಗ್ಗೆಯೂರಲ್ಲಿ ಹಾಲುಬಣ್ಣ ಬರಲೆಂದು ತೊಟ್ಟಿಗೆ ಪುಡಿ ಬೆರೆಸುತ್ತಿದ್ದುದು ಬಯಲಾಗಿ ದೇಶವೇ ರಂಪವಾಯಿತು. ಮರುವರ್ಷದಿಂದ ನೀರು ಬೆರೆಸಿದೆಯೇ, ಕಾಯಿಸಿದೆಯೇ, ಸುತ್ತಿಸುತ್ತದೆಯೇ, ಏನಾದರೂ ಹಾಕಿದೆಯೇ ಎಂಬ ನಾಲ್ಕನ್ನೂ ಬರೆದು ಹಾಕುವುದು ಕಡ್ಡಾಯವಾಯಿತು. ಬಟ್ಟೆ ಬದಲಿಸುವ ಕೋಣೆಯ ಗೋಡೆಯಲ್ಲಿ ಆ ಹಾಳೆ ಇರುತ್ತದೆ. ಫೋನಿನ ಅನುವಾದದಲ್ಲಿ ಓದಬಹುದೆಂದು ಅಲ್ಲಿ ಮೊಬೈಲ್ ತೆಗೆಯಬೇಡಿ, ಕ್ಯಾಮೆರಾ ಎಂದುಕೊಂಡರೆ ಫಜೀತಿ. ಬಹಳ ರ್ಯೋಕಾನ್‌ಗಳ ಜಾಲತಾಣದಲ್ಲೂ ಅದೇ ವಿವರ ಇರುತ್ತದೆ, ಮನೆಯಲ್ಲೇ ಕೂತು ನೋಡಿ. ‘ಗೆನ್‌ಸೆನ್ ಕಾಕೆನಾಗಾಶಿ’ ಎಂದಿದ್ದರೆ ಬುಗ್ಗೆಯಿಂದ ಬಂದ ನೀರು ತೊಟ್ಟಿ ತುಂಬಿ ಹರಿದುಹೋಗುತ್ತದೆ, ತಿರುಗಿ ಬರುವುದಿಲ್ಲ ಎಂದರ್ಥ. ಜಪಾನೀಯರು ಇದಕ್ಕೆ ಪ್ರಾಣ ಬಿಡುತ್ತಾರೆ. ನಾನೂ ಅಷ್ಟೇ. ಆದರೆ ಒಂದು ರಾತ್ರಿಗೆ ಹೋಗುವ ನೀವು ಅಮ್ಮನ ಮಂಡಿಗಿಂತ ಹೆಚ್ಚಿನ ತೂಕ ಇದಕ್ಕೆ ಕೊಡಬೇಕಿಲ್ಲ.

ಯಾವ ಬಗೆಯ ನೀರು ಎನ್ನುವುದು ಮಾತ್ರ ಅಮ್ಮನಿಗೂ ಮುಖ್ಯ. ಖನಿಜ ಕಡಿಮೆಯಿರುವ ತಿಳಿನೀರಿಗೆ ‘ತಾನ್‌ಜುನ್‌ಸೆನ್’ ಎನ್ನುತ್ತಾರೆ. ಅದು ಮೈಗೆ ಸೌಮ್ಯ, ವಯಸ್ಸಾದವರಿಗೆ ಹೇಳಿಮಾಡಿಸಿದ್ದು. ಪಿಎಚ್ 8.5 ದಾಟಿದರೆ ಕ್ಷಾರೀಯ; ಸೀಗೆಪುಡಿ ತೊಳೆದ ಕೈಯಂತೆ ಚರ್ಮ ನುಣುಪಾಗುತ್ತದೆ. ಉಪ್ಪುನೀರಿನ ಬುಗ್ಗೆಯಲ್ಲಿ ಮಿಂದರೆ ಶಾಖ ಹೊತ್ತುಗಟ್ಟಲೆ ಉಳಿಯುತ್ತದೆ. ಕುಸಾತ್ಸುವಿನಂಥ ಕಡೆ ಪಿಎಚ್ 2ರ ಆಸುಪಾಸಿನ ಆಮ್ಲನೀರು, ಕಣ್ಣಿಗೆ ಬಿದ್ದರೆ ಉರಿ. ಗಂಧಕದ ಬುಗ್ಗೆಗೆ ಹೋಗುವುದಾದರೆ ನಮ್ಮ ಹೆಂಗಸರಿಗೆ ಒಂದು ಕಿವಿಮಾತು: ಬೆಳ್ಳಿ ಕಾಲುಂಗುರ, ಕಾಲ್ಗೆಜ್ಜೆ ಒಂದೇ ಮುಳುಗಿಗೆ ಕರ್ರಗಾಗುತ್ತವೆ. ಚಿನ್ನದಲ್ಲಿ ಬೆರೆಸಿದ ತಾಮ್ರ, ಬೆಳ್ಳಿಯೂ ಮಂಕಾಗಬಹುದು. ಕಾಲುಂಗುರ ತೆಗೆಯುವುದಿಲ್ಲ, ತಾಳಿ ಬಿಚ್ಚುವುದಿಲ್ಲ ಎನ್ನುವವರಿದ್ದರೆ ಗಂಧಕವಿಲ್ಲದ ನೀರಿನ ಊರನ್ನೇ ಆರಿಸಿ. ಇದನ್ನು ಯಾವ ಪ್ರವಾಸದ ಕೈಪಿಡಿಯಲ್ಲೂ ನಾನು ಓದಿಲ್ಲ, ಕಪ್ಪಾದ ಕಾಲುಂಗುರ ಉಜ್ಜಿ ಉಜ್ಜಿ ಕಲಿತದ್ದು.

ಅಮ್ಮನ ಬಿಪಿ ಬಗ್ಗೆ ಹೊರಡುವ ಮುನ್ನ ನಿಮ್ಮ ವೈದ್ಯರನ್ನು ಕೇಳಿ. ಅವರು ಸರಿ ಎಂದರೆ ಮಿಕ್ಕಿದ್ದು ರೀತಿಯ ವಿಚಾರ. ತೊಟ್ಟಿಯ ನೀರು ಸಾಮಾನ್ಯವಾಗಿ 40ರಿಂದ 43 ಡಿಗ್ರಿ ಇರುತ್ತದೆ. ಅವರಿಗೆ 40ರೊಳಗಿನದೇ ಇರಲಿ. ಚಳಿಯಲ್ಲಿ ನಡೆದು ಬಂದು ನೇರ ಬಿಸಿನೀರಿಗೆ ಇಳಿಯುವುದೇ ಅಪಾಯ, ರಕ್ತದೊತ್ತಡ ಥಟ್ಟನೆ ಏರಿ ಆಮೇಲೆ ಇಳಿಯುತ್ತದೆ. ಮೊದಲು ಕಾಲಿಗೆ, ಆಮೇಲೆ ಸೊಂಟಕ್ಕೆ, ಭುಜಕ್ಕೆ ಚೊಂಬಿನಿಂದ ನೀರು ಹುಯ್ದುಕೊಂಡು ಮೈಯನ್ನು ಒಗ್ಗಿಸಿಕೊಳ್ಳಲಿ. ಎದೆಮಟ್ಟಕ್ಕಿಂತ ಮೇಲೆ ಮುಳುಗದೆ ಐದು ನಿಮಿಷ ಕೂತರೆ ಸಾಕು. ಏಳುವಾಗ ಕಂಬಿ ಹಿಡಿದು ನಿಧಾನಕ್ಕೆ. ತಲೆ ಸುತ್ತುವುದು ಏಳುವಾಗಲೇ. ಊಟವಾದ ಕೂಡಲೇ ಬೇಡ, ಒಬ್ಬರೇ ಹೋಗುವುದಂತೂ ಬೇಡ.

ಮಂಡಿಗೆ ನೀರಿಗಿಂತ ನೆಲದ್ದೇ ಚಿಂತೆ. ರ್ಯೋಕಾನ್ ಎಂದರೆ ತತಾಮಿ, ಅಂದರೆ ಜೊಂಡಿನ ದಪ್ಪ ಚಾಪೆಯ ನೆಲ. ಕಾಲಿಲ್ಲದ ಕುರ್ಚಿ, ತಗ್ಗು ಮೇಜು. ನೀವು ಊಟಕ್ಕೆ ಹೋದಾಗ ನಕಾಯಿ, ಅಂದರೆ ಕೋಣೆ ನೋಡಿಕೊಳ್ಳುವಾಕೆ, ಬಂದು ನೆಲದ ಮೇಲೆ ಹಾಸಿಗೆ ಹಾಸಿ ಹೋಗುತ್ತಾಳೆ. ಮಗನಿಗೆ ಹಬ್ಬ, ಅಮ್ಮನಿಗೆ ನಡುರಾತ್ರಿ ಎದ್ದು ನಿಲ್ಲುವುದೇ ಕಷ್ಟ. ಅದಕ್ಕೆ ‘ವಾಯೋಶಿತ್ಸು’ ಕೇಳಿ: ಒಂದು ಕಡೆ ಮಂಚ, ಇನ್ನೊಂದು ಕಡೆ ತತಾಮಿ. ಅಮ್ಮ ಮತ್ತು ನಿಮ್ಮ ಹೆಂಡತಿ ಮಂಚದ ಮೇಲೆ, ನೀವೂ ಮಗನೂ ನೆಲದ ಮೇಲೆ. ಕೋಣೆಯ ಅಳತೆಯನ್ನು ಚಾಪೆಯ ಲೆಕ್ಕದಲ್ಲಿ ಹೇಳುತ್ತಾರೆ, ಹತ್ತು ಚಾಪೆ ಎಂದರೆ ಸುಮಾರು 16 ಚದರ ಮೀಟರ್. ಎಂಟು ಚಾಪೆಯ ಕೋಣೆಯಲ್ಲಿ ನಾಲ್ವರು ಮಲಗಿದರೆ ಬಾಗಿಲಿಗೆ ಹೋಗುವ ದಾರಿಯೂ ಹಾಸಿಗೆಯೇ. ಲಿಫ್ಟ್ ಇದೆಯೇ, ತೊಟ್ಟಿಮನೆ ಕೋಣೆಯ ಅಂತಸ್ತಿನಲ್ಲೇ ಇದೆಯೇ, ತೊಟ್ಟಿಗೆ ಇಳಿಯಲು ಹಿಡಿಕಂಬಿ ಇದೆಯೇ, ಮೈ ತೊಳೆಯಲು ಎತ್ತರದ ಕುರ್ಚಿ ಸಿಗುತ್ತದೆಯೇ, ನಾಲ್ಕನ್ನೂ ಕೇಳಿ. ನೂರು ವರ್ಷ ಹಳೆಯ ಮರದ ರ್ಯೋಕಾನ್ ನೋಡಲು ಚಿತ್ರದಂತಿರುತ್ತದೆ, ಮೆಟ್ಟಿಲು ಕಡಿದಾಗಿರುತ್ತವೆ. ಹಳೆಯದು ಎಂಬ ಹೆಸರಿಗೆ ಮರುಳಾಗಬೇಡಿ. ಯಾಮಾನಾಶಿಯ ನಿಶಿಯಾಮಾ ಒನ್ಸೆನ್ ಕೇಯುನ್‌ಕಾನ್ ಶುರುವಾದದ್ದು 705ರಲ್ಲಿ ಎನ್ನುತ್ತಾರೆ, ಜಗತ್ತಿನ ಅತಿ ಹಳೆಯ ಹೋಟೆಲ್ ಎಂಬ ಗಿನ್ನೆಸ್ ದಾಖಲೆ ಅದರದು. ನಮ್ಮಲ್ಲಿ ಬಾದಾಮಿಯಲ್ಲಿ ಚಾಲುಕ್ಯ ವಿಜಯಾದಿತ್ಯ ಆಳುತ್ತಿದ್ದ ಕಾಲ ಅದು. ಆದರೆ ಈಗಿರುವ ಕಟ್ಟಡ ಈ ಕಾಲದ್ದೇ.

ಈಗ ಊರು. ಟೋಕಿಯೊ, ಕ್ಯೋಟೊ ನಡುವೆ ಒಂದೇ ರಾತ್ರಿ ಎಂದಾಗ ನಾನು ಹಕೋನೆ ಎನ್ನುತ್ತೇನೆ. ಟೋಕಿಯೊದಿಂದ ಕೊದಾಮಾ ಶಿಂಕಾನ್‌ಸೆನ್‌ನಲ್ಲಿ, ಅಂದರೆ ಬುಲೆಟ್ ರೈಲಿನಲ್ಲಿ, ಒದವಾರಾಗೆ ಮುಕ್ಕಾಲು ಗಂಟೆಯೂ ಬೇಡ, ಅಲ್ಲಿಂದ ಬೆಟ್ಟದ ರೈಲಿನಲ್ಲಿ ಹಕೋನೆ ಯುಮೊತೊಗೆ ಕಾಲು ಗಂಟೆ. ಮರುದಿನ ಒದವಾರಾದಿಂದಲೇ ಕ್ಯೋಟೊಗೆ ಹಿಕಾರಿ ಎಂಬ ಬುಲೆಟ್ ರೈಲು ಹಿಡಿದರೆ ಎರಡು ಗಂಟೆಯ ಆಸುಪಾಸು. ಎಲ್ಲ ಹಿಕಾರಿಯೂ ಅಲ್ಲಿ ನಿಲ್ಲುವುದಿಲ್ಲ, ವೇಳಾಪಟ್ಟಿ ನೋಡಿಕೊಳ್ಳಿ. ಹಕೋನೆ ಒಂದು ಊರಲ್ಲ, ಬೆಟ್ಟದುದ್ದಕ್ಕೂ ಹರಡಿದ ಹಲವು ಬುಗ್ಗೆಗಳ ಸೀಮೆ. ಕೆಳಗಿನ ಯುಮೊತೊದ ನೀರು ಬಹುಪಾಲು ತಿಳಿ, ಕ್ಷಾರೀಯ, ಸೌಮ್ಯ. ಮೇಲೆ ಸೆಂಗೊಕುಹಾರಾ ಕಡೆಯ ಹಾಲುಬಣ್ಣದ ಗಂಧಕದ ನೀರು ಓವಾಕುದಾನಿಯ ಜ್ವಾಲಾಮುಖಿ ಹಬೆಗೆ ನೀರು ಹಾಯಿಸಿ ಕೊಳವೆಯಲ್ಲಿ ತಂದದ್ದು. ನಿಮಗೆ ಯುಮೊತೊ ಸಾಕು. ಕಾಲುಂಗುರವೂ ಉಳಿಯುತ್ತದೆ, ನಿಲ್ದಾಣದ ಹತ್ತಿರ ಊಟದ ಅಂಗಡಿಗಳೂ ಇವೆ. ಬೆಟ್ಟದ ಮೇಲೆ ಕತ್ತಲಾಗುತ್ತಿದ್ದಂತೆ ಅಂಗಡಿ ಬಾಗಿಲು ಹಾಕಿಬಿಡುತ್ತಾರೆ. ಸುದೊಮಾರಿ ಎಂದುಕೊಂಡು ಮೇಲೆ ಹೋದವರು ರಾತ್ರಿ ಬಿಸ್ಕತ್ತು ತಿಂದು ಮಲಗಿದ್ದುಂಟು.

ಮಿಕ್ಕ ಊರುಗಳ ಬಗ್ಗೆ ಚುಟುಕಾಗಿ. ಗೇರೊ ಕ್ಷಾರೀಯ ನೀರಿನ ಸೊಗಸಾದ ಊರು, ನಾಗೋಯಾದಿಂದ ಒಳಕ್ಕೆ ಒಂದೂವರೆ ಗಂಟೆಗಿಂತ ತುಸು ಹೆಚ್ಚು. ಎರಡು ರಾತ್ರಿ ಇದ್ದರೆ ಹೋಗಿ. ಕಿನೊಸಾಕಿಯಲ್ಲಿ ಯುಕಾತಾ, ಅಂದರೆ ಹತ್ತಿಯ ತೆಳು ನಿಲುವಂಗಿ, ತೊಟ್ಟು, ಮರದ ಹಾವುಗೆ ಮೆಟ್ಟಿ ಸಾರ್ವಜನಿಕ ತೊಟ್ಟಿಮನೆಗಳನ್ನು ಒಂದೊಂದಾಗಿ ಸುತ್ತುವುದೇ ಸಂಭ್ರಮ. ಮಂಡಿನೋವಿಗೆ ಅದೇ ಶಿಕ್ಷೆ, ಜೊತೆಗೆ ನವೆಂಬರ್‌ನಿಂದ ಅಲ್ಲಿ ಏಡಿಯ ಕಾಲ, ಊಟವೆಲ್ಲ ಏಡಿಮಯ. ಕುಸಾತ್ಸು ಟೋಕಿಯೊದಿಂದ ಬೇರೆ ದಿಕ್ಕು.

ನವೆಂಬರ್ ಮೂರನೇ ವಾರ ಹಕೋನೆಯಲ್ಲಿ ಎಲೆ ಕೆಂಪಾಗುವ ಹೊತ್ತು, ಜನ ಮುಗಿಬೀಳುತ್ತಾರೆ. ಶನಿವಾರ ರಾತ್ರಿ ಮತ್ತು 23ರ ಸರ್ಕಾರಿ ರಜೆಯ ಹಿಂದಿನ ರಾತ್ರಿ ದರ ಏರಿರುತ್ತದೆ. ಮಂಗಳವಾರ, ಬುಧವಾರ ನೋಡಿ. ದೊಡ್ಡ ಸೂಟ್‌ಕೇಸುಗಳನ್ನು ಟೋಕಿಯೊ ಹೋಟೆಲಿನಿಂದ ನೇರ ಕ್ಯೋಟೊ ಹೋಟೆಲಿಗೆ ತಕ್ಯೂಬಿನ್ ಎಂಬ ಕೊರಿಯರಿನಲ್ಲಿ ಕಳಿಸಿ, ಒಂದು ಕೈಚೀಲದಲ್ಲಿ ಅಮ್ಮನ ಮಾತ್ರೆ, ಒಂದು ಜೊತೆ ಬಟ್ಟೆ ಇಟ್ಟುಕೊಂಡು ಹಕೋನೆಗೆ ಹೋಗಿ. ತತಾಮಿಯ ಮೇಲೆ ಗಾಲಿ ಎಳೆಯುವಂತಿಲ್ಲ, ಚಪ್ಪಲಿಯೂ ಇಲ್ಲ. ಕೋಣೆ ಕೊಡುವುದು ಮಧ್ಯಾಹ್ನ ಮೂರಕ್ಕೆ, ಬಿಡುವುದು ಬೆಳಗ್ಗೆ ಹತ್ತು ಅಥವಾ ಹನ್ನೊಂದಕ್ಕೆ. ಮೂರಕ್ಕೇ ಹೋಗಿ. ರಾತ್ರಿ ಎಂಟಕ್ಕೆ ಹೋಗಿ ಮಲಗಿ ಎದ್ದು ಬರುವುದಾದರೆ ಸಾಧಾರಣ ಹೋಟೆಲೇ ಮೇಲು. ಯುಕಾತಾ ಕಟ್ಟುವಾಗ ಎಡಮಗ್ಗುಲು ಮೇಲೆ ಬರಬೇಕು. ಬಲಮಗ್ಗುಲು ಮೇಲೆ ಬರುವಂತೆ ಉಡಿಸುವುದು ಶವಕ್ಕೆ. ಅಮ್ಮನಿಗೆ ಇದನ್ನು ಮೊದಲೇ ಹೇಳಿಬಿಡಿ, ಅವರು ಸೆರಗು ಹೊದ್ದು ರೂಢಿಯಾದವರು, ಕೈ ಎತ್ತಲೋ ಹೋಗುತ್ತದೆ. ಟಿಪ್ಸ್ ಕೊಡಬೇಕಿಲ್ಲ.

ಕೊನೆಗೆ, ದುಡ್ಡು ಕಟ್ಟುವ ಮೊದಲು ರ್ಯೋಕಾನ್‌ಗೆ ಕಳಿಸಬೇಕಾದ ಸಂದೇಶ. ಇದನ್ನು ಅನುವಾದದ ಆ್ಯಪ್‌ನಲ್ಲಿ ಜಪಾನಿಗೆ ತಿರುಗಿಸಿ: ‘ನಾವು ನಾಲ್ವರು, ಅದರಲ್ಲಿ ಒಬ್ಬ ಎಂಟು ವರ್ಷದ ಹುಡುಗ. ಮಾಂಸ, ಮೀನು, ಚಿಪ್ಪುಮೀನು, ಮೊಟ್ಟೆ ತಿನ್ನುವುದಿಲ್ಲ. ಮೀನಿನ ದಾಶಿಯೂ ಆಗುವುದಿಲ್ಲ. ಕೊಂಬು ಮತ್ತು ಶಿಟಾಕೆ ದಾಶಿ ಆಗುತ್ತದೆ. ಒಬ್ಬರಿಗೆ ಈರುಳ್ಳಿ, ಈರುಳ್ಳಿ ಸೊಪ್ಪು, ಬೆಳ್ಳುಳ್ಳಿ ಬೇಡ. ಇಂಥ ಊಟ ಕೊಡಲು ಸಾಧ್ಯವೇ? ಸಾಧ್ಯವಿಲ್ಲದಿದ್ದರೆ ಊಟವಿಲ್ಲದ ದರ ಎಷ್ಟು? ಒಬ್ಬರಿಗೆ ಮಂಡಿನೋವು, ಮಂಚವಿರುವ ಕೋಣೆ ಬೇಕು. ಕಾಶಿಕಿರಿ ತೊಟ್ಟಿ ಇದೆಯೇ, ಅದರ ನೀರು ಒನ್ಸೆನ್ ನೀರೇ?’ ಎದುರು ನಿಂತಾಗ ನೆನಪಿರಲಿ: ಮಾಂಸ ‘ನಿಕು’, ಮೀನು ‘ಸಕಾನಾ’, ಮೊಟ್ಟೆ ‘ತಮಾಗೊ’, ಈರುಳ್ಳಿ ‘ತಮಾನೆಗಿ’, ಬೆಳ್ಳುಳ್ಳಿ ‘ನಿನ್ನಿಕು’. ‘ಆಗುವುದಿಲ್ಲ, ಕ್ಷಮಿಸಿ’ ಎಂದು ಉತ್ತರ ಬಂದರೆ ಬೇಸರಪಡಬೇಡಿ. ದಾಶಿಯ ಮಾತೇ ಎತ್ತದೆ ‘ಸಸ್ಯಾಹಾರ ಓಕೆ’ ಎಂದು ಎರಡೇ ಪದದಲ್ಲಿ ಉತ್ತರ ಬಂದರೆ ಮಾತ್ರ ಇನ್ನೊಮ್ಮೆ ಕೇಳಿ.